ಮರಾಂಬಕ್ಕೆ ಹೊರಟ ಉಪ್ಪಿನಕಾಯಿ

ಬಹಳ ಹಿಂದೆ, ನಿಮ್ಮ ಮುತ್ತಜ್ಜನ ಮುತ್ತಜ್ಜನೂ ಹುಟ್ಟದ ಕಾಲದಲ್ಲಿ, ಚಪಲಾಪುರಿ ಎಂಬ ರಾಜ್ಯವಿತ್ತು. ಅಲ್ಲಿ ಉಪ್ಪಿನಕಾಯಿ ಇಲ್ಲದೆ ಯಾರಿಗೂ ತುತ್ತು ಇಳಿಯುತ್ತಿರಲಿಲ್ಲ. ರಸನೇಂದ್ರ ಮಹಾರಾಜರಿಗೂ ಅಷ್ಟೇ, ಕತ್ತೆ ಕಾಯುವವನಿಗೂ ಅಷ್ಟೇ. ಆ ರಾಜ್ಯದಲ್ಲಿ ಸಮಾನತೆ ಎಂಬುದು ಇದ್ದದ್ದು ಇದೊಂದರಲ್ಲೇ.

ಒಂದು ಬೆಳಿಗ್ಗೆ ಮಹಾರಾಜರಿಗೆ ರಫ್ತು ಮಾಡಬೇಕೆನ್ನಿಸಿತು. ಪಕ್ಕದ ರಾಜ್ಯದವರು ಮಾಡುತ್ತಿದ್ದರಂತೆ. ಬೇರೆ ಕಾರಣ ಬೇಕೆ?

"ಪ್ರಭೂ, ಕೆರಿಬಿಯನ್ ಕಡಲಿನಲ್ಲಿ ಮರಾಂಬ ಎಂಬ ದ್ವೀಪವಿದೆ," ಎಂದರು ವಾಣಿಜ್ಯ ಮಂತ್ರಿ ವಿಜೃಂಭಣಯ್ಯ. "ಅಲ್ಲಿಯವರು, ಪಾಪ, ನಮ್ಮ ಉಪ್ಪಿನಕಾಯಿಯನ್ನು ಕಂಡೇ ಇಲ್ಲ. ಅಪಾರ ಮಾರ್ಕೆಟ್!"

"ಕಂಡೇ ಇಲ್ಲವೆಂದ ಮೇಲೆ ಅವರಿಗೆ ಬೇಕೆಂದು ಹೇಗೆ ಗೊತ್ತು?"

"ಅದನ್ನು ಅರಿಯಲೆಂದೇ ಅಧ್ಯಯನ ಪ್ರವಾಸ, ಪ್ರಭೂ. ಕುಟುಂಬ ಸಮೇತ."

"ಭೇಷ್!" ಎಂದರು ಮಹಾರಾಜರು.

ನಿಯೋಗವು ಭರಣಿಗಟ್ಟಲೆ ಸ್ಯಾಂಪಲ್ ಹೊತ್ತು ಹಡಗು ಹತ್ತಿತು. ಮರಾಂಬದ ವರ್ತಕರು ತೆಂಗಿನ ಹಾಲಿನ ಅನ್ನ, ಬೇಯಿಸಿದ ಬಾಳೆಕಾಯಿ, ಕಣ್ಣಲ್ಲಿ ನೀರು ತರಿಸುವ ಮೆಣಸಿನಕಾಯಿ ಗೊಜ್ಜು ಎಲ್ಲವನ್ನೂ ಪ್ರೀತಿಯಿಂದ ಬಡಿಸಿದರು. ಏನಿದ್ದರೇನು, ಉಪ್ಪಿನಕಾಯಿ ಅಲ್ಲವಲ್ಲ! ಮಂತ್ರಿಗಳು ಮೆಲ್ಲಗೆ ಒಂದು ಭರಣಿಯ ಬಾಯಿ ಬಿಚ್ಚಿದರು. ಮಂತ್ರಿ ಬಿಚ್ಚಿದ ಮೇಲೆ ಕಾರ್ಯದರ್ಶಿ ಸುಮ್ಮನಿರುತ್ತಾನೆಯೇ? ವ್ಯಾಪಾರ ಸಭೆಯ ಹೊತ್ತಿಗೆ ವರ್ತಕರ ಮುಂದಿಡಲು ಉಳಿದದ್ದು ಪವರ್‌ಪಾಯಿಂಟ್ ಮಾತ್ರ.

ಮಂತ್ರಿಗಳು ಹಿಂದಿರುಗಿ ಅರಿಕೆ ಮಾಡಿದರು: "ಪ್ರಭೂ, ನಮ್ಮ ಉಪ್ಪಿನಕಾಯಿ ಮರಾಂಬ ಮುಟ್ಟಿದ್ದೇ ತಡ, ಒಂದು ಹೋಳೂ ಉಳಿಯಲಿಲ್ಲ!" ಇದರಲ್ಲಿ ಸುಳ್ಳೆಲ್ಲಿದೆ, ನೀವೇ ಹೇಳಿ.

ಮಹಾರಾಜರು ಹಿಗ್ಗಿ ಹೀರೇಕಾಯಿಯಾದರು. ರಾಜಾಜ್ಞೆ ಹೊರಟಿತು: ರಾಜ್ಯದ ಉಪ್ಪಿನಕಾಯಿಯೆಲ್ಲ ಇನ್ನು ಎಕ್ಸ್‌ಪೋರ್ಟ್ ಕ್ವಾಲಿಟಿ, ತಿಂದವರು ದೇಶದ್ರೋಹಿಗಳು. ಭಟರು ಮನೆಮನೆಯ ಅಡುಗೆಮನೆಗೆ ನುಗ್ಗಿ ಭರಣಿ ಹೊತ್ತೊಯ್ದರು.

ಹೊನ್ನಾಜಮ್ಮ ಎಂಬಾಕೆ ಆಸ್ಥಾನಕ್ಕೇ ಬಂದಳು. "ಬುದ್ಧೀ, ಮಗಳು ಬಸುರಿ. ಏನು ಬಡಿಸಿದ್ರೂ ವಾಂತಿ ಮಾಡ್ಕೋತಾಳೆ. ಒಂದೇ ಒಂದು ಹೋಳು ಕೊಡಿ, ಎರಡು ತುತ್ತು ತಿಂತಾಳೆ. ನನ್ನ ಕೈಯಾರೆ ನಾನೇ ಹಾಕಿದ್ದು."

"ಅಲ್ಲಮ್ಮಾ, ಇಡೀ ದ್ವೀಪವೇ ಬಾಯಿ ಚಪ್ಪರಿಸಿಕೊಂಡು ಕಾಯುತ್ತಿದೆ. ನಿನ್ನ ಮಗಳ ಬಯಕೆ ದೊಡ್ಡದೇ?" ಎಂದರು ಮಂತ್ರಿಗಳು.

"ಅವರೆಲ್ಲಾ ಬಸುರೀರಾ ಸ್ವಾಮೀ?"

ಸಭೆ ನಕ್ಕಿತು. ಮಹಾರಾಜರು ನಗದಿರುವುದನ್ನು ಕಂಡು ನಿಲ್ಲಿಸಿತು. ಆದರೂ ಮಹಾರಾಜರದು ಮೃದು ಹೃದಯ. ಬಸುರಿಯರು ಸೋಮವಾರಗಳಂದು ಬಂದರಿನಲ್ಲಿ ಖಾಲಿ ಭರಣಿಗಳನ್ನು ಮೂಸಬಹುದೆಂದು ಆಜ್ಞಾಪಿಸಿದರು. ಕೇಳಿ ನನಗಂತೂ ಹೊಟ್ಟೆ ಉರಿಯಿತು. ಆಸ್ಥಾನ ಮಾತ್ರ ಚಪ್ಪಾಳೆ ತಟ್ಟಿತು.

ವಿಜೃಂಭಣಯ್ಯನವರು ಮರಾಂಬದಲ್ಲಿ ಕಾಯಂ ವಾಣಿಜ್ಯ ದೂತರಾದರು. ಭರಣಿಗಳು ಖಾಲಿಯಾಗುತ್ತಲೇ ಹೋದವು. ತಿನ್ನಲು ಕೈ ಸಾಲದೆ ಭಾವಮೈದುನರನ್ನೂ ಸಿಬ್ಬಂದಿಯಾಗಿ ಕರೆಸಿಕೊಂಡರು. ಒಮ್ಮೆ ಅಲ್ಲಿಯ ವರ್ತಕನೊಬ್ಬ ರುಚಿ ನೋಡಲು ಒಂದು ಹೋಳು ಕೇಳಿದನಂತೆ. "ನಿಮಗೆ ಕೊಟ್ಟರೆ ನಮಗೆಲ್ಲಿ?" ಎಂದು ಅವನನ್ನು ಸಾಗಹಾಕಿದರಂತೆ.

ರಫ್ತು ಏರಿತು. ಮಹಾರಾಜರು 'ರಫ್ತುಚಕ್ರವರ್ತಿ' ಎಂಬ ಬಿರುದನ್ನು ತಮಗೆ ತಾವೇ ದಯಪಾಲಿಸಿಕೊಂಡು ಆನೆಯ ಮೇಲೆ ಮೆರೆದರು. ಹೊನ್ನಾಜಮ್ಮನೂ ಬೀದಿಯಲ್ಲಿ ನಿಂತು ಜೈಕಾರ ಹಾಕಿದಳು, ಹಾಕದೆ ವಿಧಿಯಿರಲಿಲ್ಲ. ಮನೆಗೆ ಬಂದವಳೇ ಭಟರು ತಂದು ಸುರಿದಿದ್ದ ಮಾವಿನಕಾಯಿಗಳನ್ನು ಮುಂದಿನ ಹಡಗಿಗಾಗಿ ಹೆಚ್ಚತೊಡಗಿದಳು. ಎದುರಿಗೆ ಕೂತಿದ್ದ ಮಗಳು ಒಂದು ಹೋಳಿಗೆ ಮೆಲ್ಲಗೆ ಕೈ ಚಾಚಿದಳು.

"ಬೇಡ ಕಣವ್ವಾ," ಎಂದಳು ತಾಯಿ, "ಎಣಿಸಿಟ್ಟು ಹೋಗವ್ರೆ."