ಮೊದಲ ಪುಟದ ತೀರ್ಪು

ಹಂಪಿಯ ಕಲ್ಲುಗಳ ಪರವಾಗಿ ಟಿವಿಯ ಜೊತೆ ಜಗಳಕ್ಕೆ ನಿಂತ ಹೆಂಗಸನ್ನು ನೀವು ಕಂಡಿದ್ದೀರಾ? ನಾನು ಅವಳ ಕೈಯಲ್ಲೇ ಬೆಳೆದೆ. ಹೊಸಪೇಟೆಯ ನಮ್ಮ ದೊಡ್ಡವ್ವ. ಆ ಸೋಮವಾರ ಸಂಜೆಯೂ ಎಂದಿನಂತೆ ಮಂಡಕ್ಕಿ ತಟ್ಟೆ ಹಿಡಿದು ರಾಜರ ಧಾರಾವಾಹಿಯ ಮುಂದೆ ಕೂತಿದ್ದಳು. ರಾಜ ಕುದುರೆ ಏರಿ ಹಂಪಿಗೆ ಬಂದ. ಸುತ್ತ ಬರೀ ಹಸಿರು ಹುಲ್ಲು!

"ಒಂದು ಕಲ್ಲೂ ಇಲ್ಲಲ್ಲೋ! ಅಷ್ಟು ಗುಡ್ಡ ಯಾರು ಹೊತ್ಕೊಂಡು ಹೋದ್ರಲೇ? ಸಂಡೂರಿನ ಗಣಿ ಲಾರಿಯೋರೇನು?"

"ಸಿಟ್ಟು ಬಂದ್ರ ಟಿವಿ ಆರಿಸು ದೊಡ್ಡವ್ವ."

"ಯಾಕ ಆರಿಸ್ಲಿ? ಮುಂದೇನಾತು ಗೊತ್ತಾಗಬ್ಯಾಡೇನು?"

ಕುರ್ಚಿ ತಿರುಗಿಸಿ, ಟಿವಿಗೆ ಬೆನ್ನು ಹಾಕಿ ಕೂತು ಕೇಳಿದಳು. ಸುಳ್ಳು ಹೇಳಿದ ರಾಜರಿಗೆ ಅವಳು ಕೊಡುತ್ತಿದ್ದ ಶಿಕ್ಷೆ ಅದು. ಆ ಧಾರಾವಾಹಿಯ ಅರ್ಧವನ್ನು ಅವಳ ಬೆನ್ನೇ ನೋಡಿದೆ!

ಪತ್ತೇದಾರಿ ಕಾದಂಬರಿಗಳ ಗತಿ ಇನ್ನೂ ಕೆಟ್ಟದ್ದು. ಒಮ್ಮೆ ಕೊನೆಯ ಅಧ್ಯಾಯದಲ್ಲಿ ಕೊಲೆಗಾರನ ಅವಳಿ ತಮ್ಮ ಪ್ರತ್ಯಕ್ಷನಾದ. "ಇಷ್ಟೊತ್ತು ಎಲ್ಲಿದ್ದ ಇವ? ಕಂಪ್ಲಿ ಬಸ್ ತಪ್ಪಿತ್ತೇನು?" ಎಂದು ಪುಸ್ತಕ ಎಸೆದಳು. ಅಂದಿನಿಂದ, ಮೋಸ ಮಾಡಿದ ಪ್ರತಿ ಪುಸ್ತಕದ ಮೊದಲ ಪುಟದಲ್ಲಿ ಪೆನ್ಸಿಲಿನಿಂದ ಬರೆಯತೊಡಗಿದಳು: "ಕೊಂದವ ವಕೀಲ. ಓದಿ ಹಾಳಾಗಬೇಡಿ." ಚೆನ್ನಾಗಿದ್ದರೆ ಏನೂ ಬರೆಯುತ್ತಿರಲಿಲ್ಲ. ಅವು ಲೈಬ್ರರಿಯ ಪುಸ್ತಕಗಳು!

"ಅಮ್ಮಾರ, ಹಿಂಗಾದ್ರ ಓದೋರು ಯಾರ್ರಿ?" ಎಂದು ಲೈಬ್ರರಿಯವರು ಕೈ ಮುಗಿದರು.

"ಜನ ಉಳಿಲಿ ಅಂತ ಬರದೀನ್ರಿ. ಥ್ಯಾಂಕ್ಸ್ ಹೇಳ್ರಿ!"

ಅವರು ಥ್ಯಾಂಕ್ಸ್ ಹೇಳಲಿಲ್ಲ. ಮೇಜಿನ ಮೇಲೆ ಒಂದು ರಬ್ಬರ್ ಇಟ್ಟುಕೊಂಡರು.

ಆ ಧಾರಾವಾಹಿಯ ಮರುದಿನ, ಮಂಗಳವಾರ ಬೆಳಿಗ್ಗೆ ಚಹಾ ಒಯ್ದೆ. ದೊಡ್ಡವ್ವ ಏಳಲಿಲ್ಲ. ಮುನ್ಸೂಚನೆಯೇ ಇಲ್ಲದೆ ಹೀಗೆ ಮುಗಿಸುವುದೇ? ಯಾವ ಕಾದಂಬರಿಕಾರ ಇಂಥ ಮುಕ್ತಾಯ ಬರೆದಿದ್ದರೂ ಅವಳು ಬಿಡುತ್ತಿರಲಿಲ್ಲ. ನನಗೂ ಸಿಟ್ಟು ಬಂತು. ಯಾರನ್ನು ಬೈಯಲಿ?

ದಿಂಬಿನ ಪಕ್ಕ ಒಂದು ಪುಸ್ತಕವಿತ್ತು. ಮೊದಲ ಪುಟ ಖಾಲಿ. ಕೊನೆಗೂ ಒಂದು ಒಳ್ಳೆಯ ಕಥೆ ಓದಿ ಹೋದಳಲ್ಲ ಎಂದು ಸಮಾಧಾನವಾಯಿತು. ಎಂದೂ ಕಾದಂಬರಿ ಓದದ ನಾನು ಅದನ್ನು ಓದಿ ಮುಗಿಸಿದೆ. ಕೊನೆಯಲ್ಲಿ ಎಲ್ಲವೂ ನಾಯಕ ಕಂಡ ಕನಸಂತೆ! ಅವಳು ಇದನ್ನು ಕೊನೆಯವರೆಗೆ ಓದಿದ್ದರೆ ಪೆನ್ಸಿಲ್ ಮುರಿಯುವಂತೆ ಬರೆಯುತ್ತಿದ್ದಳು. ಅಂದರೆ, ಅವಳು ಮುಗಿಸಿರಲೇ ಇಲ್ಲ.

ಅವಳ ಪೆನ್ಸಿಲ್ ಹಿಡಿದು ಬಹಳ ಹೊತ್ತು ಕೂತೆ. ಬರೆಯಲಾಗಲಿಲ್ಲ.

ಪುಸ್ತಕ ವಾಪಸ್ ಕೊಟ್ಟೆ. ಲೈಬ್ರರಿಯವರು ಅಭ್ಯಾಸದಂತೆ ರಬ್ಬರ್ ಹಿಡಿದು ಮೊದಲ ಪುಟ ತೆರೆದರು.

ಅಳಿಸಲು ಏನೂ ಇರಲಿಲ್ಲ.