ಅರಕೆರೆ ರಸ್ತೆಯಲ್ಲಿ ಸುಮ್ಮನೆ ನಡೆಯುವುದು

ಜನರಿಗೆ ನಡೆಯುವುದನ್ನು ಹೇಳಿಕೊಟ್ಟು ಹೊಟ್ಟೆ ಹೊರೆಯುವವನು ನಾನು. ಇದನ್ನು ಕೇಳಿ ನಮ್ಮತ್ತೆ, "ವರ್ಷದ ಕೂಸಿಗೂ ಬರೋ ವಿದ್ಯೆ" ಎಂದಿದ್ದರು. ಅಷ್ಟು ಸುಲಭವಲ್ಲ. ಶ್ರೀರಂಗಪಟ್ಟಣದ ಒಂದು ಸಣ್ಣ ಆಸ್ಪತ್ರೆಯಲ್ಲಿ ಹೃದಯದ ಕಾಯಿಲೆಯವರಿಗೆ ವ್ಯಾಯಾಮ ಮಾಡಿಸುವ ನನಗೆ ಇಸಿಜಿ ಓದಲು ಬರಬೇಕು. ಯಾವ ಮಾತ್ರೆ ನಾಡಿಯನ್ನು ತಗ್ಗಿಸುತ್ತದೆ, ಸಕ್ಕರೆ ಇಳಿದರೆ ಏನು ಮಾಡಬೇಕು, ಎದೆ ಹಿಡಿದವರನ್ನು ಯಾವಾಗ ನಿಲ್ಲಿಸಬೇಕು, ಎಲ್ಲವೂ ಗೊತ್ತಿರಬೇಕು. ಕಲಿತು ಪಾಸೂ ಆದೆ. ಅರಕೆರೆ ರಸ್ತೆಯಲ್ಲಿ ಒಬ್ಬ ಮನುಷ್ಯ ಕೆಲಸವಿಲ್ಲದೆ ನಡೆಯಲು ಸಾಧ್ಯವೇ ಎಂಬ ಪ್ರಶ್ನೆ ಮಾತ್ರ ಯಾವ ಪರೀಕ್ಷೆಯಲ್ಲೂ ಬರಲಿಲ್ಲ.

ಆ ಪ್ರಶ್ನೆ ತಂದವರು ಅರಕೆರೆಯ ಚಿಕ್ಕೇಗೌಡರು. ಹೃದಯಕ್ಕೆ ಸ್ಟೆಂಟು ಹಾಕಿಸಿಕೊಂಡು ಬಂದಿದ್ದರು, ಜೊತೆಗೆ ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ಬಿರುಸಾಗಿ ನಡೆಯಿರಿ, ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು ಎಂದೆ. "ಆಡಕ್ಕೆ ನಂಗೆ ಮೊದ್ಲೂ ಬತ್ತಿರ್ನಿಲ್ಲ ಬುಡಿ ಸಾ" ಎಂದು ಒಪ್ಪಿಕೊಂಡು ಹೋದರು.

ಮುಂದಿನ ಸಲ ಬಂದಾಗ ತೂಕ ಏರಿತ್ತು, ಉಸಿರು ಇಳಿದಿತ್ತು. ಡಾಕ್ಟರು, ಹೀಗೇ ಆದರೆ ಇನ್ನೊಂದು ಸಲ ಎದೆ ಹಿಡಿದರೆ ಕಷ್ಟ ಎಂದುಬಿಟ್ಟರು. ಗೌಡರ ಹೆಂಡತಿ ಸಾಕಮ್ಮ ನನ್ನ ಮುಂದೆ ಕಣ್ಣೀರಿಟ್ಟರು. "ಎಂಗಾರಾ ಮಾಡಿ ಇವ್ರನ್ನ ಉಳಿಸ್ಕೊಡಿ ಸಾ. ದಿನಾ ಮನೆಯಿಂದ ಒಂಡೋದೇನೋ ಒಂಡ್ತಾರೆ, ನಡಿಯಕ್ಕೆ ಯಾರು ಬುಟ್ಟಾರು?"

ಆಗ ವಿಷಯ ಹೊರಬಿತ್ತು. ನಾಲೆ ಏರಿ ದಾಟುವಷ್ಟರಲ್ಲಿ ಒಂದು ಬೈಕು ನಿಲ್ಲುತ್ತದೆ. "ಇದ್ಯಾಕ್ ಗೌಡ್ರೆ, ನಡ್ಕಂಡ್ ಓಯ್ತಾ ಇದ್ದೀರಿ? ಅತ್ತಿ!" ಹತ್ತಬೇಕು. ಸರ್ಕಲ್ಲಿನಲ್ಲಿ ಇಳಿದರೆ ಬೈಕಿನವನು ಇಡ್ಲಿ ವಡೆ ತಿನ್ನಿಸದೆ ಬಿಡುವುದಿಲ್ಲ. ವಾಪಸು ತಂದು ಬಿಡಲು ಇನ್ನೊಬ್ಬ. ಅಂದರೆ ನಾನು ಬರೆದುಕೊಟ್ಟ ವ್ಯಾಯಾಮದಿಂದ ಗೌಡರಿಗೆ ನಿತ್ಯ ಸಿಗುತ್ತಿದ್ದದ್ದು ವಡೆ.

"ಬೇಡ ಅನ್ನಿ" ಎಂದೆ.

"ಬ್ಯಾಡ ಅಂದ್ರೆ ಅಳೇ ಗದ್ದೆ ಬದಿನ ಜಗಳ ಇನ್ನೂ ಮನ್ಸಲ್ಲಿ ಮಡೀಕಂಡವ್ನೆ ಅಂತಾರೆ."

"ಹಾರ್ಟ್ ತೊಂದರೆ ಇದೆ ಅನ್ನಿ."

"ಅಂಗಂದ್ರೆ ಕಾರೇ ತತ್ತಾರೆ ಸಾ!"

ಇವರಿಗೆ ಧೈರ್ಯವಿಲ್ಲ ಎಂದುಕೊಂಡು ಒಂದು ಬೆಳಿಗ್ಗೆ ನಾನೇ ಅರಕೆರೆಗೆ ಹೋಗಿ ಜೊತೆಗೆ ನಡೆದೆ. ಬೈಕು ನಿಂತಿತು. "ನಾನು ಆಸ್ಪತ್ರೆಯವನು, ಇವರು ನಡೆಯಲೇಬೇಕು" ಎಂದು ಗಡುಸಾಗಿ ಹೇಳಿದೆ. ಬೈಕಿನವನು ಗಾಬರಿಯಾದ. "ಅಯ್ಯೋ ಸಿವ್ನೆ, ಊರಿಗೆ ಬಂದ್ ಡಾಕ್ಟ್ರುನ್ನೇ ನಡಸ್ಕಂಡ್ ಓಯ್ತಾ ಇದ್ದೀರಲ್ಲಾ ಗೌಡ್ರೆ, ಮರ್ವಾದೆ ಬ್ಯಾಡ್ವಾ!" ಮೂವರೂ ಒಂದೇ ಬೈಕಿನಲ್ಲಿ ಸರ್ಕಲ್ಲು ಸೇರಿದೆವು. ವಡೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಆ ವಡೆಯ ಮುಂದೆಯೇ ನನಗೊಂದು ಉಪಾಯ ಹೊಳೆಯಿತು. ಹರಕೆ ಹೊತ್ತು ಬರಿಗಾಲಲ್ಲಿ ಬೆಟ್ಟಕ್ಕೆ ಹೋಗುವವರನ್ನು ಈ ಸೀಮೆಯಲ್ಲಿ ಯಾರೂ ಗಾಡಿ ಹತ್ತಿಸುವುದಿಲ್ಲ, ಪಾಪ ಸುತ್ತಿಕೊಳ್ಳುತ್ತದೆ. "ಊರಾಚೆ ಮಾರಮ್ಮನ ಗುಡಿಗೆ ದಿನಾ ನಡೆದು ಬರೋ ಹರಕೆ ಅಂತ ಹೇಳಿಬಿಡಿ" ಎಂದೆ. ಗೌಡರು ಕಣ್ಣು ಕೆಂಪಗೆ ಮಾಡಿದರು. "ಅಮ್ಮನ್ ಎಸ್ರಲ್ಲಿ ಸುಳ್ಳಾ? ಓದ್ದೋರು ಏಳೋ ಮಾತಾ ಇದು?" ನಾನು ಬಸ್ಸು ಹತ್ತಿದೆ.

ಮರುದಿನವೇ ಅವರು ನಿಜವಾದ ಹರಕೆ ಹೊತ್ತರಂತೆ. ಚಪ್ಪಲಿ ಮಾತ್ರ ಬಿಡಲಿಲ್ಲ, ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ನಡೆಯಬಾರದೆಂದು ನಾನು ಹೇಳಿದ್ದು ನೆನಪಿತ್ತು. ಈಗ ಬೈಕುಗಳು ನಿಲ್ಲುವುದಿಲ್ಲ, ನಿಧಾನ ಮಾಡಿ ಕೈಮುಗಿದು ಹೋಗುತ್ತವೆ. ತೂಕ ಇಳಿಯಿತು, ಉಸಿರು ಬಲವಾಯಿತು. ಡಾಕ್ಟರು ನನ್ನ ಬೆನ್ನು ತಟ್ಟಿದರು. ಸಾಕಮ್ಮ ನಕ್ಕರು.

ಆಗ ಗೌಡರು ಮೆಲ್ಲಗೆ ಹೇಳಿದರು: "ಉಪಾಯ ಏಳ್ಕೊಟ್ಟೋರು ನೀವು ಅಂತ ಅರ್ಕೇಲಿ ನಿಮ್ಮೆಸ್ರೂ ಸೇರ್ಸಿವ್ನಿ ಸಾ. ನೀವು ದೂರದೋರು, ಭಾನ್ವಾರ ಒಂದಿನ ಸಾಕು ಅಂತ ಅಮ್ಮನ್ ತಾವ ಮಾತಾಡಿವ್ನಿ."

ಹಾಗಾಗಿ ಭಾನುವಾರಗಳಲ್ಲಿ ನಾನು ಅರಕೆರೆಯಲ್ಲಿರುತ್ತೇನೆ. ಗೌಡರು ಮುಂದೆ, ನಾನು ಹಿಂದೆ. ಬೈಕು ಬಂದಾಗಲೆಲ್ಲ ಆಸೆಯಿಂದ ತಿರುಗಿ ನೋಡುತ್ತೇನೆ, ಬೈಕಿನವರು ಕೈಮುಗಿದು ಹೋಗುತ್ತಾರೆ. ಗೌಡರು ಆಗಾಗ ನಿಂತು ಗದರುತ್ತಾರೆ: "ಮಾತಾಡಿ ಸಾ, ಮಾತಾಡಕ್ಕೆ ಆಗ್ಬೇಕು ಅಂದೋರು ನೀವೇಯಾ."

ನನಗೆ ಆಗುತ್ತಿಲ್ಲ.