ನೇಮಕವಾಗದ ಅಕ್ಕನ ರಾಜೀನಾಮೆಯನ್ನು ತಿರಸ್ಕರಿಸಿರುವ ಕುರಿತು

ಸಂಖ್ಯೆ: ಜಾ.ಶಾ/ಬಿಟ್ಟಿ/417/ಸಂಪುಟ-2 (ಸಂಪುಟ-1 ಹುಡುಕಾಟದಲ್ಲಿದೆ)
ದಿನಾಂಕ: ಸಹಿಯಾದ ದಿನ

ಸುತ್ತೋಲೆ

ವಿಷಯ: ಇಲಾಖೆಯ ಜಾಲತಾಣದಲ್ಲಿರುವ ‘ಓದಿ ಹೇಳು’ ಗುಂಡಿಯನ್ನು ಉಚಿತವಾಗಿ ನೋಡಿಕೊಳ್ಳುತ್ತಿರುವ ಮಹಿಳೆಯು ಇನ್ನು ಸಾಕು ಎಂದಿರುವ ಬಗ್ಗೆ.

ಉಲ್ಲೇಖ: 1. ಸದರಿ ಮಹಿಳೆಯ ಪತ್ರ (ನಾಲ್ಕನೆಯದು; ಮೊದಲ ಮೂರನ್ನು ಯಾರೂ ಓದಿದ ದಾಖಲೆ ಇಲ್ಲ).
2. ಜಾಲದ ಭವಿಷ್ಯ ಸಮಿತಿಯ ನಡಾವಳಿ.

ಕಣ್ಣು ಕಾಣದವರಿಗೆ ಜಾಲತಾಣದ ಪುಟಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನು ಇಲಾಖೆಯು ಹನ್ನೊಂದು ವರ್ಷಗಳಿಂದ ಬಳಸುತ್ತಿದ್ದು, ಅದು ತಾನಾಗಿಯೇ ನಡೆಯುತ್ತದೆ ಎಂದು ಇದುವರೆಗೆ ಭಾವಿಸಲಾಗಿತ್ತು. ಹೊಲಿಗೆ ಯಂತ್ರ ರಿಪೇರಿ ಅಂಗಡಿ ನಡೆಸುವ ಒಬ್ಬ ಮಹಿಳೆಯು ಭಾನುವಾರಗಳಂದು ಅದನ್ನು ಸರಿಪಡಿಸುತ್ತಿದ್ದಾರೆ ಎಂಬ ಸಂಗತಿಯು ಉಲ್ಲೇಖ (1)ರಿಂದ ಗಮನಕ್ಕೆ ಬಂದಿರುತ್ತದೆ. ಸದರಿ ಪತ್ರವು ಇಲಾಖಾ ಭಾಷೆಯಲ್ಲಿ ಇಲ್ಲದಿದ್ದರೂ ಯಥಾವತ್ತಾಗಿ ಕೆಳಗೆ ನೀಡಲಾಗಿದೆ:

“ಸಾರ್, ನನ್ನ ತಮ್ಮನಿಗೆ ಕಣ್ಣು ಕಾಣಲ್ಲ. ಅವನಿಗೆ ಬಂದ ಕಾಗದ ಅವನೇ ಓದ್ಕೊಳ್ಲಿ, ಯಾರ ಹತ್ರಾನೂ ಹಲ್ಲು ಗಿಂಜೋದು ಬೇಡ ಅಂತ ಇದನ್ನ ಬರೆದೆ. ನೀವೂ ತಗೊಂಡ್ರಿ, ಸಂತೋಷ. ಈಗ ನನ್ನ ಮಣಿಕಟ್ಟು ಊದ್ಕೊಂಡಿದೆ, ಡಾಕ್ಟ್ರು ಕೀಲಿಮಣೆ ಮುಟ್ಟಬೇಡಿ ಅಂದಿದಾರೆ. ನಿಮ್ಮಲ್ಲಿ ಒಬ್ರನ್ನ ಎರಡು ಭಾನುವಾರ ಕಳ್ಸಿ, ಎಲ್ಲಾ ಹೇಳ್ಕೊಡ್ತೀನಿ. ಮತ್ತೆ ನನ್ನ ಹೆಸರು ಕಿತ್ತಾಕಿದೀರಲ್ಲ, ಅದನ್ನ ವಾಪಸ್ ಹಾಕಿ. ಇಷ್ಟೇ ಕೇಳ್ತಿರೋದು.”

ಈ ಹಿನ್ನೆಲೆಯಲ್ಲಿ ಎಲ್ಲ ಸಿಬ್ಬಂದಿಗೆ ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಮುಕ್ತ ತಂತ್ರಾಂಶ ಎಂದರೆ ಒಬ್ಬರು ಬರೆದು, ಕೋಡನ್ನು ಎಲ್ಲರಿಗೂ ಕಾಣುವಂತೆ ಇಟ್ಟು, ಯಾರು ಬೇಕಾದರೂ ನೋಡಲು, ತಿದ್ದಲು ಮತ್ತು ಬಳಸಲು ಬಿಟ್ಟಿರುವ ತಂತ್ರಾಂಶ. ಈ ಪೈಕಿ ಬಳಸುವ ಭಾಗವನ್ನು ಇಲಾಖೆಯು ಸಂಪೂರ್ಣವಾಗಿ ಅನುಷ್ಠಾನಗೊಳಿಸಿದೆ. ಕೋಡನ್ನು ಯಾರಾದರೂ ನೋಡಿಬಿಟ್ಟರೆ ಅಪಾಯವಲ್ಲವೇ ಎಂಬ ಆಕ್ಷೇಪಣೆಯನ್ನು ಪರಿಶೀಲಿಸಲಾಗಿ, ಹನ್ನೊಂದು ವರ್ಷಗಳಲ್ಲಿ ಇಲಾಖೆಯ ಯಾರೊಬ್ಬರೂ ನೋಡಿಲ್ಲವಾದ್ದರಿಂದ ಅದು ಸುರಕ್ಷಿತವೆಂದು ತೀರ್ಮಾನಿಸಲಾಗಿದೆ.

2. ಹೆಸರಿನ ವಿಚಾರ. ತಂತ್ರಾಂಶವನ್ನು ಬಳಸಲು ಆಕೆ ವಿಧಿಸಿದ್ದ ಷರತ್ತು ಒಂದೇ: ಕೋಡಿನ ಮೊದಲ ಸಾಲಿನಲ್ಲಿರುವ ತನ್ನ ಹೆಸರನ್ನು ಅಳಿಸಬಾರದು. ಖಾಸಗಿ ವ್ಯಕ್ತಿಗಳ ಹೆಸರು ಇಲಾಖೆಯ ಕಡತದಲ್ಲಿ ಇರಕೂಡದೆಂಬ ನಿಯಮದಂತೆ ಸದರಿ ಹೆಸರನ್ನು, ಅದರ ಜೊತೆಗಿದ್ದ ಷರತ್ತನ್ನೂ, ಅಳಿಸಿ ಆ ಜಾಗದಲ್ಲಿ ಅಂದಿನ ನಿರ್ದೇಶಕರ ಹೆಸರನ್ನು ಹಾಕಲಾಗಿದೆ. ಅವರು ನಿವೃತ್ತರಾಗಿದ್ದು, ತಾವು ಅಂಥದ್ದೇನೂ ಬರೆದಿಲ್ಲವೆಂದು ಖುದ್ದು ತಿಳಿಸಿರುತ್ತಾರೆ. ಆದಾಗ್ಯೂ ದಾಖಲೆಯೇ ಅಂತಿಮ.

3. ರಾಜೀನಾಮೆ. ನೇಮಕವಾದವರು ಮಾತ್ರ ರಾಜೀನಾಮೆ ನೀಡಬಹುದು. ಆಕೆಯನ್ನು ಯಾರೂ ನೇಮಿಸಿಲ್ಲವಾದ್ದರಿಂದ ಬಿಡಿಸಲು ಅವಕಾಶವಿರುವುದಿಲ್ಲ. ನಿವೃತ್ತಿ ವಯಸ್ಸು, ವೈದ್ಯಕೀಯ ರಜೆ, ವರ್ಗಾವಣೆ ಇವೂ ಅನ್ವಯವಾಗುವುದಿಲ್ಲ.

4. ಕಳೆದ ತಿಂಗಳು ಗುಂಡಿಯು ಮೂರು ದಿನ ಮೌನವಾಗಿದ್ದಕ್ಕೆ ಆಕೆಗೆ ಕಾರಣ ಕೇಳುವ ನೋಟಿಸ್ ನೀಡಲಾಗಿದೆ. ಅದಕ್ಕೂ ಮುಂಚಿನ ಹನ್ನೊಂದು ವರ್ಷ ಅದು ಏಕೆ ಮಾತನಾಡುತ್ತಿತ್ತು ಎಂದು ಕೇಳುವ ನಮೂನೆ ಇಲಾಖೆಯಲ್ಲಿ ಇರುವುದಿಲ್ಲ.

5. ಒಬ್ಬರನ್ನು ಕಲಿಯಲು ಕಳುಹಿಸುವ ಬೇಡಿಕೆ ಕುರಿತು ಐವರು ಅಧಿಕಾರಿಗಳ ತಂಡವು ಆಕೆಯ ಅಂಗಡಿಗೆ ಭೇಟಿ ನೀಡಿತು. ಇದ್ದ ಎರಡು ಸ್ಟೂಲುಗಳ ಮೇಲೆ ಹಿರಿತನದ ಪ್ರಕಾರ ಕುಳಿತು, ಆಕೆಯ ಕೈಗೆ ಕಟ್ಟಿದ್ದ ಬ್ಯಾಂಡೇಜು ಕಾಣದಂತೆ ಫೋಟೊ ತೆಗೆಸಿಕೊಳ್ಳಲಾಗಿದೆ. ಅದೇ ಭೇಟಿಯಲ್ಲಿ ಅಧೀಕ್ಷಕರ ಮನೆಯ ಹೊಲಿಗೆ ಯಂತ್ರವನ್ನೂ ದುರಸ್ತಿ ಮಾಡಿಸಿಕೊಳ್ಳಲಾಗಿದ್ದು, ಅದು ಈಗ ಚೆನ್ನಾಗಿ ಓಡುತ್ತಿದೆ. ಭಾನುವಾರ ಕಲಿತರೆ ಸೋಮವಾರ ಬದಲಿ ರಜೆ ಕೊಡಬೇಕಾಗುವುದರಿಂದ ಕಲಿಕೆಯನ್ನು ಕೈಬಿಡಲಾಗಿದೆ.

6. ಕೃತಜ್ಞತೆಯನ್ನು ನಕ್ಷತ್ರದ ರೂಪದಲ್ಲಿ ಮಾತ್ರ ಸಲ್ಲಿಸತಕ್ಕದ್ದು. ಪ್ರತಿ ಶಾಖೆಯು ಮೂರು ತಿಂಗಳಿಗೊಮ್ಮೆ, ಮೇಲಧಿಕಾರಿಯ ಪೂರ್ವಾನುಮತಿ ಪಡೆದು, ಆಕೆಯು ಕೋಡನ್ನು ಇಟ್ಟಿರುವ ಜಾಲಪುಟದಲ್ಲಿ ಮೆಚ್ಚುಗೆಯ ಗುರುತಾದ ಒಂದು ನಕ್ಷತ್ರವನ್ನು ಒತ್ತಬಹುದು. ಒತ್ತಿದವರು ‘ಅಕ್ಕಾ, ಅರ್ಜೆಂಟು, ಸಾಹೇಬ್ರು ಬೈತಾರೆ, ಇವತ್ತೇ ಸರಿಮಾಡಿ’ ಎಂದು ಅದರ ಕೆಳಗೆ ಬರೆಯಬಹುದು. ‘ಕೈ ಹೇಗಿದೆ’ ಎಂದು ಕೇಳುವುದು ಕರ್ತವ್ಯದ ವ್ಯಾಪ್ತಿಗೆ ಬರುವುದಿಲ್ಲ.

7. ಈ ಕಡತದ ಅಂಚಿನಲ್ಲಿ ಗುಮಾಸ್ತೆಯೊಬ್ಬರು “ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನೋ ಜನ ನಾವು. ನಾಚ್ಕೆ ಆಗ್ಬೇಕು ಸಾರ್” ಎಂದು ಪೆನ್ಸಿಲಿನಲ್ಲಿ ಬರೆದಿರುವುದು ಕಂಡುಬಂದಿದೆ. ಅದರ ಪೂರ್ವಾರ್ಧವನ್ನು ಇಲಾಖೆಯ ಧೋರಣೆಯಾಗಿ ಅಂಗೀಕರಿಸಲಾಗಿದೆ. ಉತ್ತರಾರ್ಧಕ್ಕಾಗಿ ಅವರನ್ನು ಹಳೇ ಕಾಗದಗಳ ಕೋಣೆಗೆ ವರ್ಗಾಯಿಸಲಾಗಿದೆ.

8. ಜಾಲದ ಭವಿಷ್ಯ. ಸಮಿತಿಯು ಮೂರು ಸಭೆಗಳಲ್ಲಿ ಅದನ್ನು ಮುಗಿಸಿದೆ. ಮುಂದಿನ ದಿನಗಳಲ್ಲಿ ಪುಟಗಳನ್ನು ಯಂತ್ರವೇ ಬರೆದು, ಯಂತ್ರವೇ ಓದಿ, ಯಂತ್ರವೇ ಸ್ವೀಕೃತಿ ನೀಡಲಿದ್ದು, ಮನುಷ್ಯರು ‘ಒಪ್ಪಿದ್ದೇನೆ’ ಎಂಬುದನ್ನು ಒತ್ತಿದರೆ ಸಾಕು. ಪ್ರಾಯೋಗಿಕವಾಗಿ ತರಿಸಲಾದ ಒಂದು ಯಂತ್ರವು ಆಕೆಯ ಕೋಡನ್ನೆಲ್ಲ ನುಂಗಿ, ಅದೇ ಸಾಲುಗಳನ್ನು ಸ್ವಂತದ್ದೆಂಬಂತೆ ಒಪ್ಪಿಸಿತು. ಜೊತೆಗೆ ಆಕೆಗೇ ಹದಿನೆಂಟು ಸಲಹೆಗಳನ್ನು ಕಳುಹಿಸಿತು. ಹದಿನೆಂಟೂ ತಪ್ಪು ಎಂದು ಆಕೆ ಎಡಗೈಯಲ್ಲಿ ಟೈಪಿಸಿ ಉತ್ತರಿಸಿದ್ದಾರೆ. ಸಮಿತಿಯು ಯಂತ್ರದ ಆತ್ಮವಿಶ್ವಾಸವನ್ನು ಮೆಚ್ಚಿಕೊಂಡಿದೆ.

9. ಮೇಲಿನ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ನೋಡಿಕೊಳ್ಳುವವರಿಲ್ಲದ ತಂತ್ರಾಂಶವನ್ನು ಇಟ್ಟುಕೊಳ್ಳುವುದು ಇಲಾಖೆಯ ಘನತೆಗೆ ತಕ್ಕುದಲ್ಲವಾದ ಕಾರಣ, ‘ಓದಿ ಹೇಳು’ ಗುಂಡಿಯನ್ನು ಇಂದಿನಿಂದ ತೆಗೆದುಹಾಕಲಾಗಿದೆ. ಕಣ್ಣು ಕಾಣದವರು ತೊಂದರೆಯಾದಲ್ಲಿ ಜಾಲತಾಣದ ಬಲ ಮೂಲೆಯಲ್ಲಿರುವ ಸಣ್ಣ ಅಕ್ಷರದ ಸೂಚನೆಯನ್ನು ನೋಡಿಕೊಂಡು ಅರ್ಜಿ ಸಲ್ಲಿಸುವುದು. ಗುಂಡಿ ತೆಗೆದರೂ ಆಕೆಯ ಜವಾಬ್ದಾರಿ ಮುಂದುವರಿಯುತ್ತದೆ.

(ಸಹಿ ಇದೆ, ಯಾರದೆಂದು ತಿಳಿಯುತ್ತಿಲ್ಲ)
ಉಪ ನಿರ್ದೇಶಕರು (ಪ್ರಭಾರ), ಜಾಲ ಶಾಖೆ

ಪ್ರತಿಗಳು:
1. ಎಲ್ಲ ಶಾಖಾ ಮುಖ್ಯಸ್ಥರಿಗೆ, ಓದದೆ ಪಾಲಿಸುವ ಸಲುವಾಗಿ.
2. ಜಾಲದ ಭವಿಷ್ಯ ಸಮಿತಿಗೆ, ನಾಲ್ಕನೇ ಸಭೆ ಕರೆಯದಿರುವ ಕೋರಿಕೆಯೊಂದಿಗೆ.
3. ನಿವೃತ್ತ ನಿರ್ದೇಶಕರಿಗೆ, ಅಭಿನಂದನೆಗಳೊಂದಿಗೆ.
4. ಸದರಿ ಮಹಿಳೆಗೆ, ಮುಂದಿನ ಭಾನುವಾರದ ಕ್ರಮಕ್ಕಾಗಿ.
5. ಸದರಿಯವರ ತಮ್ಮನಿಗೆ, ಮುದ್ರಿತ ಪ್ರತಿ. ಯಾರ ಹತ್ತಿರವಾದರೂ ಕೇಳಿ ಓದಿಸಿಕೊಳ್ಳುವುದು.